ಸಹಿಗೆ ಬಂದ ಬೆಲೆ, ಸೂಜಿಗೆ ಸಲ್ಲಬೇಕಾದ ಹೆಸರು

1933ರ ನವೆಂಬರ್ 7ರಂದು ಗಾಂಧೀಜಿ ವಾರ್ಧಾದಿಂದ ಹರಿಜನ ಯಾತ್ರೆ ಹೊರಟರು. ರೈಲು, ಮೋಟಾರು, ಎತ್ತಿನ ಬಂಡಿ, ಒಡಿಶಾದಲ್ಲಿ ಕಾಲ್ನಡಿಗೆ: ಹೀಗೆ ಒಂಬತ್ತು ತಿಂಗಳಲ್ಲಿ 12,500 ಮೈಲಿ ತಿರುಗಿದರು. ಯಾತ್ರೆ ಮುಗಿಯುವ ಹೊತ್ತಿಗೆ ಹರಿಜನ ನಿಧಿಗೆ ಸುಮಾರು 8 ಲಕ್ಷ ರೂಪಾಯಿ ಕೂಡಿತ್ತು. ಆ ಹಣದಲ್ಲಿ ಶ್ರೀಮಂತರ ಥೈಲಿಗಳಿದ್ದವು, ಬಡವರ ಕಾಸುಗಳಿದ್ದವು, ಹೆಂಗಸರು ಕೈಯಿಂದ ಬಿಚ್ಚಿಕೊಟ್ಟ ಬಳೆಗಳ ಬೆಲೆಯಿತ್ತು. ಊರವರು ಅರ್ಪಿಸಿದ ಮಾನಪತ್ರದ ಕಟ್ಟು, ಬೆಳ್ಳಿಯ ಕರಂಡಕಗಳನ್ನು ಗಾಂಧೀಜಿ ಸಭೆಯಲ್ಲೇ ಸವಾಲಿಗೆ ಹಾಕಿಬಿಡುತ್ತಿದ್ದರು. ಹಸ್ತಾಕ್ಷರ ಬೇಡಿ ಬಂದವರಿಗೆ ದರ ಗೊತ್ತಿತ್ತು: ಒಂದು ಸಹಿಗೆ ಐದು ರೂಪಾಯಿ. ಆ ಕಾಲದ ಕೂಲಿಯವನಿಗೆ ಅದು ಹಲವು ದಿನದ ದುಡಿಮೆ. ಹಾಗಿದ್ದೂ ಜನ ಸಾಲು ನಿಂತು ಕೊಟ್ಟರು.

ದೊಡ್ಡವರ ಸಹಿಯನ್ನು ಧರ್ಮಕಾರ್ಯದ ಹಣವಾಗಿ ಪರಿವರ್ತಿಸುವ ಪದ್ಧತಿ ನಮ್ಮ ನಾಡಿನಲ್ಲಿ ಗಟ್ಟಿಯಾಗಿ ಬೇರು ಬಿಟ್ಟದ್ದು ಹೀಗೆ. ಇಂದು ಕ್ರಿಕೆಟ್ ಆಟಗಾರರ ಬ್ಯಾಟು, ನಟರ ಅಂಗಿ, ಗಾಯಕರ ಶಾಲುಗಳ ಮೇಲೆ ಸಹಿ ಹಾಕಿಸಿ ಹರಾಜು ಮಾಡುವುದು ಎಲ್ಲೆಡೆ ನಡೆಯುತ್ತದೆ. ಕೈಯಿಂದ ಹೊಲಿದ, ನೇಯ್ದ, ಕಸೂತಿ ಹಾಕಿದ ಬಟ್ಟೆಯ ಮೇಲೆ ಆ ಸಹಿ ಬಿದ್ದಾಗ ಮಾತ್ರ ಒಂದು ಹೊಸ ಪ್ರಶ್ನೆ ಹುಟ್ಟುತ್ತದೆ. ಬಟ್ಟೆಯ ಮೇಲೆ ಈಗ ಇಬ್ಬರ ಕೈಬರಹವಿದೆ. ಒಂದು ಕ್ಷಣದಲ್ಲಿ ಗೀಚಿದ ಸಹಿಗೆ ಹೆಸರಿದೆ. ತಿಂಗಳುಗಟ್ಟಲೆ ನಡೆದ ಹೊಲಿಗೆಗೆ ಹೆಸರಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಕೈಕಸುಬಿನ ಹೆಣ್ಣುಮಕ್ಕಳನ್ನು ನೆನೆಯುವ ಈ ಸಂಚಿಕೆಯಲ್ಲಿ ಸಹಿ ಬಟ್ಟೆಯ ಚರಿತ್ರೆಯನ್ನು ಹೇಳಬೇಕೆನ್ನಿಸಿದ್ದು ಆ ಹೆಸರಿಲ್ಲದ ಹೊಲಿಗೆಗಾಗಿ.

ನಿಧಿ ಮತ್ತು ನೂಲು

ಗಾಂಧೀಜಿಯ ಯಾತ್ರೆ ಕರ್ನಾಟಕಕ್ಕೆ ಬಂದದ್ದು 1934ರ ಆರಂಭದಲ್ಲಿ. ಫೆಬ್ರವರಿಯಲ್ಲಿ ಕೊಡಗಿಗೆ ಹೋದಾಗ ಕಥೆಗಾರ್ತಿ ಗೌರಮ್ಮ ಉಪವಾಸ ಕೂತು ಅವರನ್ನು ತಮ್ಮ ಮನೆಗೆ ಬರುವಂತೆ ಮಾಡಿದರು. ಮೈಮೇಲಿನ ಒಡವೆಗಳನ್ನು ನಿಧಿಗೆ ಕೊಟ್ಟರು. ಅದಕ್ಕೆ ಸ್ವಲ್ಪ ಮುಂಚೆ ಕೇರಳದ ವಡಗರದಲ್ಲಿ ಕೌಮುದಿ ಎಂಬ ಹುಡುಗಿ ಒಂದೊಂದೇ ಆಭರಣ ಬಿಚ್ಚಿಟ್ಟಾಗ ಗಾಂಧೀಜಿ ತಾವಾಗಿಯೇ ಹಸ್ತಾಕ್ಷರ ಹಾಕಿಕೊಟ್ಟು, ಅವಳ ತ್ಯಾಗವೇ ನಿಜವಾದ ಒಡವೆ ಎಂಬ ಮಾತನ್ನು ಬರೆದುಕೊಟ್ಟಿದ್ದರು. ಅಲ್ಲಿ ಸಹಿ ಮಾರಾಟದ ಸರಕಾಗಿರಲಿಲ್ಲ, ಕೊಟ್ಟವಳ ಹೆಸರಿಗೆ ಸಾಕ್ಷಿಯಾಗಿತ್ತು. ದಾನಿಯನ್ನು ಹೆಸರು ಹಿಡಿದು ಗುರುತಿಸಿದ್ದರಿಂದಲೇ ಇಬ್ಬರೂ ಇಂದಿಗೂ ಜನರ ನೆನಪಿನಲ್ಲಿದ್ದಾರೆ.

ಈ ಹಣ ಖರ್ಚಾಗಬೇಕಿದ್ದದ್ದು 1932ರಲ್ಲಿ ಹುಟ್ಟಿದ ಹರಿಜನ ಸೇವಕ ಸಂಘದ ಮೂಲಕ. ಘನಶ್ಯಾಮದಾಸ್ ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ಸಂಘದ ದಾರಿ ಒಪ್ಪದೆ ಬಾಬಾಸಾಹೇಬ ಅಂಬೇಡ್ಕರ್ ಅದರಿಂದ ದೂರ ಸರಿದರು. ಯಾರ ಹೆಸರಿನಲ್ಲಿ ಹಣ ಕೂಡುತ್ತದೋ ಅವರಿಗೆ ಅದರ ಆಡಳಿತದಲ್ಲಿ ಎಷ್ಟು ಮಾತಿದೆ ಎಂಬ ಪ್ರಶ್ನೆ ಅಂದೇ ಎದ್ದಿತ್ತು. ಧರ್ಮಕಾರ್ಯಕ್ಕೆ ಹಣ ಎತ್ತುವ ಯಾವ ಸಂಸ್ಥೆಯೂ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಾರದು.

ಬಟ್ಟೆಯ ಕಥೆ ಇದಕ್ಕಿಂತ ಹಿಂದಿನದು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನ ಸದಸ್ಯತ್ವದ ವಂತಿಗೆಯನ್ನು ದುಡ್ಡಿನ ಬದಲು ನೂಲಿನಲ್ಲಿ ಅಳೆಯಲು ಒಪ್ಪಿತು: ತಿಂಗಳಿಗೆ 2,000 ಗಜ. ಮರುವರ್ಷ ಪಾಟ್ನಾದಲ್ಲಿ ಅಖಿಲ ಭಾರತ ಚರಕಾ ಸಂಘ ಹುಟ್ಟಿತು. ಕೈಯಿಂದ ತೆಗೆದ ನೂಲೇ ಸಹಿ, ಅದೇ ಕಾಣಿಕೆ ಎಂಬ ಭಾವನೆ ಬೆಳೆದದ್ದು ಆಗ. ಹೂವಿನ ಹಾರದ ಜಾಗಕ್ಕೆ ನೂಲಿನ ಹಾರ ಬಂತು. 1947ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್ ಮದುವೆಗೆ ಗಾಂಧೀಜಿ ಕಳಿಸಿದ್ದೂ ತಾವೇ ತೆಗೆದ ನೂಲಿನಿಂದ ಹೆಣೆದ ಪುಟ್ಟ ಬಟ್ಟೆಯನ್ನೇ. ನಡುವೆ ‘ಜೈ ಹಿಂದ್’ ಎಂಬ ಅಕ್ಷರ. ನೂಲು ತೆಗೆದವರು ಗಾಂಧೀಜಿ ಎಂದು ಲೋಕಕ್ಕೆಲ್ಲ ಗೊತ್ತು. ಅದನ್ನು ಹೆಣೆದ ಕೈ ಬೇರೆಯವರದು ಎಂಬುದನ್ನು ನೆನೆಯುವವರು ಕಡಿಮೆ.

ಸಾಗರದಾಚೆಯ ಸಹಿ ಕೌದಿಗಳು

ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1856ರಲ್ಲಿ ಅಡಲೀನ್ ಹ್ಯಾರಿಸ್ ಎಂಬ ಹದಿಹರೆಯದ ಹುಡುಗಿ ಹೆಸರಾಂತರಿಗೆಲ್ಲ ಅಂಚೆಯಲ್ಲಿ ಬಿಳಿ ರೇಷ್ಮೆಯ ತುಂಡು ಕಳಿಸತೊಡಗಿದಳು. ಅವರು ಸಹಿ ಹಾಕಿ ತಿರುಗಿ ಕಳಿಸಿದ ತುಂಡುಗಳನ್ನು ಬಣ್ಣಬಣ್ಣದ ರೇಷ್ಮೆಯೊಡನೆ ಜೋಡಿಸಿ ಹೊಲಿದಳು. ಅಬ್ರಹಾಂ ಲಿಂಕನ್ ಸೇರಿ ಎಂಟು ಅಧ್ಯಕ್ಷರು, ಚಾರ್ಲ್ಸ್ ಡಿಕನ್ಸ್, ಎಮರ್ಸನ್, ತಂತಿ ಯಂತ್ರದ ಮೋರ್ಸ್: ಒಟ್ಟು 360 ಸಹಿಗಳು. ಬರಹಗಾರರು ಒಂದೆಡೆ, ವಿಜ್ಞಾನಿಗಳು ಒಂದೆಡೆ, ಸೇನಾನಿಗಳು ಒಂದೆಡೆ ಎಂದು ವಿಂಗಡಿಸಿ ಹೊಲಿದ ಆ ಕೌದಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದು ಹಣ ಎತ್ತಲು ಹೊಲಿದದ್ದಲ್ಲ. ಆದರೆ ಅಷ್ಟು ದೊಡ್ಡ ಹೆಸರುಗಳ ನಡುವೆಯೂ ಕೌದಿಯನ್ನು ಜನ ಕರೆಯುವುದು ಹೊಲಿದವಳ ಹೆಸರಿನಿಂದ. ಸಹಿ ಬಟ್ಟೆಯ ಚರಿತ್ರೆಯಲ್ಲಿ ಇಂಥ ನ್ಯಾಯ ಅಪರೂಪ.

ಮೊದಲ ಮಹಾಯುದ್ಧದ ಕಾಲಕ್ಕೆ ಇದೇ ಹವ್ಯಾಸ ನಿಧಿ ಎತ್ತುವ ವ್ಯವಸ್ಥೆಯಾಯಿತು. 1917ರ ಡಿಸೆಂಬರಿನಲ್ಲಿ ‘ಮಾಡರ್ನ್ ಪ್ರಿಸಿಲ್ಲಾ’ ಎಂಬ ಮಹಿಳಾ ಪತ್ರಿಕೆ, ಒಂದೇ ಕೌದಿಯಿಂದ ರೆಡ್ ಕ್ರಾಸ್‌ಗೆ ಸಾವಿರ ಡಾಲರ್ ಎತ್ತುವುದು ಹೇಗೆಂದು ನಕ್ಷೆಸಮೇತ ಪ್ರಕಟಿಸಿತು. ಲೆಕ್ಕ ಸರಳ. ಚಿಲ್ಲರೆ ಕಾಸು ಕೊಟ್ಟವರ ಹೆಸರು ಕೌದಿಯ ಮೇಲೆ. ಹೆಚ್ಚು ಕೊಟ್ಟವರದು ಒಳ್ಳೆಯ ಜಾಗದಲ್ಲಿ. ಬರೆದ ಹೆಸರುಗಳ ಮೇಲೆ ಊರ ಹೆಂಗಸರು ಬಣ್ಣ ಬಿಡದ ಕೆಂಪು ದಾರ ಹಾಯಿಸಿದರು. ಕೊನೆಗೆ ಇಡೀ ಕೌದಿಯನ್ನು ಹರಾಜು ಹಾಕಿದರು. ಹೀಗೆ ಒಂದೇ ಬಟ್ಟೆಯಿಂದ ಹಣ ಎರಡು ಸಲ ಬಂತು: ಹೆಸರು ಬರೆಸುವಾಗ ನೂರಾರು ಜನರಿಂದ, ಹರಾಜಿನಲ್ಲಿ ಒಬ್ಬನಿಂದ. ಸಣ್ಣ ಊರಿಗೂ ಎಟಕುವ ವ್ಯವಸ್ಥೆಯಾಗಿದ್ದರಿಂದ ಅದು ಬಹಳ ಬೇಗ ಹರಡಿತು.

ಸಹಿ ಬಟ್ಟೆ ಹಣಕ್ಕಿಂತ ದೊಡ್ಡ ಕೆಲಸ ಮಾಡಿದ ಉದಾಹರಣೆಗಳೂ ಇವೆ. 1912ರಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿ ಲಂಡನ್ನಿನ ಹಾಲೊವೇ ಜೈಲು ಸೇರಿದ ಹೆಂಗಸರು ಒಂದು ಕರವಸ್ತ್ರದ ಮೇಲೆ ತಮ್ಮ ಸಹಿಗಳನ್ನು ಕಸೂತಿ ಮಾಡಿದರು. 1942ರಲ್ಲಿ ಜಪಾನಿಯರ ವಶದಲ್ಲಿದ್ದ ಸಿಂಗಪುರದ ಚಾಂಗಿ ಸೆರೆಮನೆಯಲ್ಲಿ, ಎಥೆಲ್ ಮಲ್ವನಿ ಎಂಬ ಕೆನಡಾದ ರೆಡ್ ಕ್ರಾಸ್ ಪ್ರತಿನಿಧಿಯ ಸಲಹೆಯಂತೆ, ಬಂದಿಯಾಗಿದ್ದ ಹೆಂಗಸರು ತಲಾ ಒಂದು ಚೌಕ ಬಟ್ಟೆಯ ಮೇಲೆ ಚಿತ್ರ ಹಾಕಿ ಹೆಸರು ಹೊಲಿದರು. ಅಂಥ 66 ಚೌಕಗಳ ಒಂದೊಂದು ಕೌದಿ ಗಾಯಾಳುಗಳ ಆಸ್ಪತ್ರೆಗೆ ಹೋಯಿತು. ಬೇರೆ ಶಿಬಿರದಲ್ಲಿದ್ದ ಗಂಡಂದಿರಿಗೆ ತಮ್ಮ ಹೆಂಡತಿ ಬದುಕಿದ್ದಾಳೆಂಬ ಸುದ್ದಿ ಮುಟ್ಟಿದ್ದು ಆ ಹೊಲಿಗೆಯ ಅಕ್ಷರಗಳಿಂದ. ಅಲ್ಲಿ ಸಹಿ ಹಾಕಿದವರೂ ಹೊಲಿದವರೂ ಒಬ್ಬರೇ. ಆದ್ದರಿಂದಲೇ ಆ ಕೌದಿಗಳ ಮುಂದೆ ನಿಂತವರಿಗೆ ಅವು ಬೆಲೆಬಾಳುವ ವಸ್ತುವಾಗಿ ಕಾಣದೆ, ಮನುಷ್ಯರಾಗಿ ಕಾಣುತ್ತವೆ.

ಇದೆಲ್ಲ ನಮಗೆ ಪರಕೀಯವೇನಲ್ಲ. ದೇವಿಗೆ ಉಡಿಸಿದ ಸೀರೆಯನ್ನು ಗುಡಿಯ ಅಂಗಳದಲ್ಲಿ ಸವಾಲಿಗೆ ಹಾಕುವುದನ್ನು ನಮ್ಮ ಜಾತ್ರೆಗಳಲ್ಲಿ ನೋಡಿಯೇ ಬೆಳೆದಿದ್ದೇವೆ. ಪೂಜ್ಯರ ಮೈ ಮುಟ್ಟಿದ ಬಟ್ಟೆಗೆ ಪೇಟೆಯ ಬೆಲೆಗಿಂತ ಹೆಚ್ಚು ಬೆಲೆ, ಆ ಹಣ ಗುಡಿಯ ಕೆಲಸಕ್ಕೆ ಎಂಬುದು ಇಲ್ಲಿಯ ಹಳ್ಳಿಯ ಅಜ್ಜಿಗೂ ಗೊತ್ತಿರುವ ಲೆಕ್ಕ.

ಮೂರು ತಾಲೂಕು, ಮೂರು ಹೊಲಿಗೆ

ನಮ್ಮ ಭಾಗದ ಸೂಜಿಯ ಸಂಪತ್ತು ಈ ಚರಿತ್ರೆಯಲ್ಲಿ ಜಾಗ ಪಡೆಯುವಷ್ಟು ದೊಡ್ಡದು. ಮೊದಲನೆಯದು ಕೌದಿ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಪಶ್ಚಿಮಕ್ಕೆ ಇಳಕಲ್ಲು. ಕೆಂಪು ತೋಪು ತೆನೆ ಸೆರಗನ್ನು ಒಡಲಿನ ಹಾಸುನೂಲಿಗೆ ಕೊಂಡಿ ಹಾಕಿ ಕೂಡಿಸುವ ಅಲ್ಲಿಯ ಸೀರೆ ಉಟ್ಟು ಉಟ್ಟು ಮೆತ್ತಗಾದ ಮೇಲೆ ಕೌದಿಯ ಪದರವಾಗುತ್ತದೆ. ಹಳೆಯ ಧೋತರ, ಸೀರೆಗಳನ್ನು ನೆಲದ ಮೇಲೆ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಓಟದ ಹೊಲಿಗೆ ಹಾಕುತ್ತ ಬರುವುದು ರೀತಿ. ಸುಗ್ಗಿ ಮುಗಿದ ಮೇಲೆ ಬೇಸಿಗೆಯ ಮಧ್ಯಾಹ್ನ ನಾಲ್ಕಾರು ಹೆಂಗಸರು ಕೂತರೆ ಕೆಲಸವೂ ಆಯಿತು, ಹಾಡೂ ಆಯಿತು. ಮಗಳ ತೊಟ್ಟಿಲಿಗೆ, ಮಗನ ಹೊಲದ ಕಾವಲಿಗೆ, ಮುದುಕರ ಚಳಿಗೆ ಅದೇ ಕೌದಿ.

ಎರಡನೆಯದು ಲಂಬಾಣಿ ಕಸೂತಿ. ಲಿಂಗಸುಗೂರು, ಮಸ್ಕಿ ತಾಲೂಕುಗಳ ತಾಂಡಾಗಳಲ್ಲಿ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ಕಾಸು ಕೂಡಿಸಿ ಹಾಕುವ ಹೊಲಿಗೆ ಒಂದು ಇಡೀ ಸಮುದಾಯದ ಗುರುತು. ದುಡಿಮೆ ಹುಡುಕಿ ಗುಳೆ ಹೋದಾಗಲೂ ತಾಂಡಾದ ಹೆಣ್ಣುಮಕ್ಕಳ ಜೊತೆ ಹೋದದ್ದು ಈ ವಿದ್ಯೆ.

ಮೂರನೆಯದು ದೂರದಿಂದ ಬಂದದ್ದು. ಪೂರ್ವ ಪಾಕಿಸ್ತಾನದಿಂದ ನೆಲೆ ಕಳೆದುಕೊಂಡು ಬಂದ ಬಂಗಾಲಿ ಕುಟುಂಬಗಳಿಗೆ ಸಿಂಧನೂರು ತಾಲೂಕಿನಲ್ಲಿ ಪುನರ್ವಸತಿ ಸಿಕ್ಕಿತು. ನಂಬರು ಹೊತ್ತ ಆರ್.ಎಚ್. ಕ್ಯಾಂಪುಗಳು ಇಂದು ತುಂಗಭದ್ರೆಯ ಎಡದಂಡೆ ಕಾಲುವೆಯ ಬಯಲಿನ ಊರುಗಳೇ ಆಗಿಬಿಟ್ಟಿವೆ. ಅಲ್ಲಿಯ ಹೆಣ್ಣುಮಕ್ಕಳು ಕಾಂಥಾ ಹೊಲಿಗೆಯನ್ನು ಈ ಮಣ್ಣಿಗೆ ತಂದರು. ಹಳೆಯ ಸೀರೆಗಳನ್ನು ಪದರ ಮಾಡಿ ಓಟದ ಹೊಲಿಗೆಯಲ್ಲಿ ಕೂಡಿಸುವ ಕಾಂಥಾ ನಮ್ಮ ಕೌದಿಗೆ ಒಡಹುಟ್ಟು. ಕಾಂಥಾದ ತವರಿನಲ್ಲಿ ಇನ್ನೊಂದು ದೊಡ್ಡ ಮಾದರಿಯಿದೆ. ಖುಲ್ನಾದ ಮಾನದಾಸುಂದರಿ ಎಂಬ ಹೆಣ್ಣುಮಗಳು ತಂದೆಗಾಗಿ ಹೊಲಿದ ಕಾಂಥಾದಲ್ಲಿ, ಇದು ತನ್ನ ಕೈಯ ಕೆಲಸವೆಂದು ಹೆಸರುಸಮೇತ ದಾರದಲ್ಲೇ ಬರೆದಳು. ಕೋಲ್ಕತ್ತದ ಗುರುಸದಯ ಮ್ಯೂಸಿಯಂ ಸಂಗ್ರಹದ ಹೆಮ್ಮೆಯ ವಸ್ತು ಅದು. ಯಾವ ರಾಜನ ಸಹಿಯೂ ಅದರ ಮೇಲಿಲ್ಲ. ಹೊಲಿದವಳ ಸಹಿಯೊಂದೇ ಅದಕ್ಕೆ ಗೌರವ ತಂದಿತು.

ಸಂಡೂರಿನ ಪಾಠ

ಕೈಹೊಲಿಗೆಯನ್ನು ಸಂಸ್ಥೆಯ ಬಲದಿಂದ ನಿಲ್ಲಿಸಿದ ಹತ್ತಿರದ ಉದಾಹರಣೆ ಸಂಡೂರು ಕುಶಲ ಕಲಾ ಕೇಂದ್ರ. ಎಂ.ವೈ. ಘೋರ್ಪಡೆಯವರ ಮುತುವರ್ಜಿಯಿಂದ 1980ರ ದಶಕದಲ್ಲಿ ರೂಪುಗೊಂಡ ಈ ಕೇಂದ್ರ ತಾಂಡಾದ ಹೊಲಿಗೆಗೆ ಪೇಟೆ ಒದಗಿಸಿತು. ಮನೆಯಲ್ಲಿ ಕೂತು ಹೊಲಿದ ಬಟ್ಟೆಗೆ ದರ, ಬಟ್ಟೆಗೆ ಸಹಜ ಬಣ್ಣ, ಹಳೆಯ ಹೊಲಿಗೆಗಳ ದಾಖಲೆ: ಒಂದೊಂದಾಗಿ ವ್ಯವಸ್ಥೆ ಬೆಳೆಯಿತು. ಯುನೆಸ್ಕೋದ ಗುಣಮಟ್ಟದ ಮುದ್ರೆ ಬಂತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರರ್ಥ, ಆ ನೆಲದಲ್ಲಿ ಆ ಕೈಗಳಿಂದ ಹುಟ್ಟಿದ ಬಟ್ಟೆಗೆ ಮಾತ್ರ ಆ ಹೆಸರು ಸಲ್ಲಬೇಕು ಎಂದು ಕಾನೂನೇ ಒಪ್ಪಿತು.

2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳನ್ನು ಈ ಕೇಂದ್ರ ಒಟ್ಟುಗೂಡಿಸಿತು. ಗಿನ್ನೆಸ್ ದಾಖಲೆಯಾಯಿತು. ದೇಶವಿದೇಶದ ಗಣ್ಯರು ಕಂಡು ಮೆಚ್ಚಿದರು. ಅಂಥ ಕ್ಷಣದಲ್ಲಿ ಬರುವ ಹೆಮ್ಮೆ ನಿಜವಾದದ್ದು. ಊರಿಗೆ ಬಂದ ಅತಿಥಿಗಳಿಂದ ಬಟ್ಟೆಯ ಮೇಲೊಂದು ಸಹಿ ಪಡೆದು, ಅದನ್ನು ತಾಂಡಾದ ಹುಡುಗಿಯರ ಓದಿಗೆ ನಿಧಿಯಾಗಿಸುವ ಅವಕಾಶ ಇರುವುದೂ ಅಂಥ ಕ್ಷಣಗಳಲ್ಲೇ. ಆ ಅವಕಾಶ ನಮ್ಮ ಮೂರು ತಾಲೂಕುಗಳಿಗೂ ಇದೆ. ಜಾತ್ರೆ, ಉತ್ಸವ, ಸಾಹಿತ್ಯ ಸಮ್ಮೇಳನ, ನಾಟಕಗಳಿಗೆ ಹೆಸರಾಂತರು ಬಂದುಹೋಗುತ್ತಾರೆ. ಅವರಿಗೆ ಶಾಲು ಹೊದಿಸಿ ಕಳಿಸುತ್ತೇವೆ. ಬೀಳ್ಕೊಡುವ ಮುನ್ನ ಒಂದು ಕೌದಿ ಹಾಸಿ ಸಹಿ ಕೇಳಿದರೆ ಯಾರೂ ಇಲ್ಲವೆನ್ನಲಾರರು.

ಮಸ್ಕಿಯ ಕಲ್ಲು, ಅಮರೇಶ್ವರದ ಅಕ್ಕಿ

ಹೆಸರಿನ ಬೆಲೆ ಏನೆಂದು ಜಗತ್ತಿಗೆ ತಿಳಿಸಿಕೊಟ್ಟದ್ದೇ ಮಸ್ಕಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿಯ ಗುಡ್ಡದಲ್ಲಿ ಶಾಸನ ಕಾಣುವವರೆಗೆ, ದೇಶದುದ್ದಕ್ಕೂ ಸಿಕ್ಕಿದ್ದ ಧರ್ಮಲಿಪಿಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಮಸ್ಕಿಯ ಬಂಡೆ ಅಶೋಕನ ಹೆಸರು ಹೇಳಿತು. ಒಂದೇ ಹೆಸರು ಸಿಕ್ಕಿದ್ದರಿಂದ ಆ ಬಿರುದುಗಳ ಹಿಂದಿದ್ದ ಚಕ್ರವರ್ತಿ ಯಾರೆಂಬ ಅನುಮಾನ ತೀರಿತು.

ಅದೇ ಅಶೋಕನ ಅಲಹಾಬಾದ್ ಸ್ತಂಭದ ಮೇಲೆ ಇನ್ನೊಂದು ಆಜ್ಞೆಯಿದೆ. ಎರಡನೆಯ ರಾಣಿ ಕಾರುವಾಕಿ ಕೊಟ್ಟ ಮಾವಿನ ತೋಪು, ಉದ್ಯಾನ, ದಾನಶಾಲೆಗಳನ್ನು ಆಕೆಯ ಹೆಸರಿನಲ್ಲೇ ಲೆಕ್ಕ ಹಿಡಿಯಬೇಕೆಂದು ಅದು ಅಧಿಕಾರಿಗಳಿಗೆ ಹೇಳುತ್ತದೆ. ಹೆಂಗಸಿನ ದಾನ ಗಂಡನ ಖಾತೆಗೆ ಜಮೆಯಾಗಬಾರದು ಎಂಬ ಎಚ್ಚರ ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ದೊರೆಯ ಮಾತಿನ ಪಕ್ಕ ಬರೆದವನ ಸಹಿಗೂ ಜಾಗ ಸಿಕ್ಕಿತು. ಬಂಡೆಯ ಗೌರವ ಅದರಿಂದ ಒಂದಿಷ್ಟೂ ಕುಂದಲಿಲ್ಲ.

ಧರ್ಮಕಾರ್ಯದ ಹಣ ಹೇಗೆ ಬರಬೇಕೆಂಬ ಪ್ರಶ್ನೆಗೆ ಉತ್ತರ ಕೊಟ್ಟವಳು ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡುವುದು ಲಕ್ಕಮ್ಮ, ಮಾರಯ್ಯ ದಂಪತಿಯ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ತಿರುಗಿ ಕಳಿಸಿದಳು. ದಾಸೋಹ ದೊಡ್ಡದು, ಆದರೆ ಕಾಯಕಕ್ಕೆ ಮೀರಿ ಬಂದ ಅಕ್ಕಿಯಿಂದ ಮಾಡಿದ ದಾಸೋಹ ದಾಸೋಹವಲ್ಲ ಎಂಬುದು ಅವಳ ನಿಲುವು. ಸಹಿ ಬಟ್ಟೆಗೂ ಇದೇ ಅಳತೆ ಸಲ್ಲುತ್ತದೆ. ಹೊಲಿದವಳಿಗೆ ಕೂಲಿ ಕೊಡದೆ, ಒಳ್ಳೆಯ ಕೆಲಸಕ್ಕೆ ತಾನೇ ಎಂದು ಪುಕ್ಕಟೆ ಹೊಲಿಸಿಕೊಂಡು ಎತ್ತಿದ ಹಣ ಎಷ್ಟೇ ದೊಡ್ಡದಾದರೂ, ಲಕ್ಕಮ್ಮ ತಿರುಗಿ ಕಳಿಸಿದ ಅಕ್ಕಿಯೇ ಅದು.

ಮುಂದಿನ ಕೆಲಸ

ಈ ಚರಿತ್ರೆಯಿಂದ ನಮ್ಮ ಸಂಘಗಳು ಕಲಿಯಬೇಕಾದ ಕ್ರಮವನ್ನು ನೇರವಾಗಿ ಹೇಳುತ್ತೇನೆ.

ಮೊದಲು ಬಟ್ಟೆ. ಕನ್ನಡಿ, ಕವಡೆ ತುಂಬಿದ ಲಂಬಾಣಿ ಬಟ್ಟೆಯ ಮೇಲೆ ಸಹಿ ಕಾಣುವುದಿಲ್ಲ, ಪೆನ್ನೂ ಓಡುವುದಿಲ್ಲ. ಗಂಜಿ ಹೋಗುವಂತೆ ಒಗೆದು ಇಸ್ತ್ರಿ ಮಾಡಿದ ಬಿಳಿ ಹತ್ತಿ ಬಟ್ಟೆಯ ಚೌಕಗಳಲ್ಲಿ ಸಹಿ ಪಡೆದು, ಆಮೇಲೆ ಅವುಗಳನ್ನು ಕೌದಿಗೆ ಕೂಡಿಸಬೇಕು. ಕೆಟ್ಟದ್ದು ಒಂದು ಚೌಕ ಮಾತ್ರವಾದರೆ ಇಡೀ ಕೌದಿ ಉಳಿಯುತ್ತದೆ. ಶಾಯಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಹಿಂದಿನ ಕಾಲದ ಕಬ್ಬಿಣದ ಅಂಶವಿದ್ದ ಶಾಯಿ ಪಶ್ಚಿಮದ ಅನೇಕ ಸಹಿ ಕೌದಿಗಳಲ್ಲಿ ಅಕ್ಷರದ ಆಕಾರಕ್ಕೇ ಬಟ್ಟೆಯನ್ನು ತಿಂದು ತೂತು ಮಾಡಿದೆ. ಬಟ್ಟೆಗೆಂದೇ ಮಾಡಿದ ಶಾಯಿಯ ಪೆನ್ನು ಬಳಸಿ, ಒಣಗಿಸಿ, ಇಸ್ತ್ರಿಯ ಬಿಸಿ ಕೊಟ್ಟು, ಅದರ ಮೇಲೆ ಗಟ್ಟಿ ಬಣ್ಣದ ದಾರ ಹಾಯಿಸಿದರೆ ಶಾಯಿ ಮಾಸಿದರೂ ಸಹಿ ಉಳಿಯುತ್ತದೆ. ಇಲ್ಲಿ ಕಾಂಥಾದ ಸಣ್ಣ ಹೊಲಿಗೆ ಬಲ್ಲ ಸಿಂಧನೂರಿನ ಕೈಗಳು, ಲಂಬಾಣಿ ಅಂಚು ಬಲ್ಲ ತಾಂಡಾದ ಕೈಗಳು, ಪದರ ಕೂಡಿಸಬಲ್ಲ ಕೌದಿಯ ಕೈಗಳು ಒಂದೇ ಬಟ್ಟೆಯ ಮೇಲೆ ಸೇರಬಹುದು. ಹಾಗೆ ಸೇರಿದ ಬಟ್ಟೆ ಈ ಮೂರು ತಾಲೂಕಿನಲ್ಲಿ ಬಿಟ್ಟು ಬೇರೆಲ್ಲಿ ಹುಟ್ಟೀತು?

ಎರಡನೆಯದು ಲೆಕ್ಕ. ಹೊಲಿದವಳ ಕೂಲಿಯನ್ನು ಹರಾಜಿಗೆ ಕಾಯದೆ ಮೊದಲೇ ಪೂರ್ತಿ ಕೊಡಬೇಕು. ಸಹಿ ಹಾಕುವವರಿಗೆ ಹಣ ಯಾವ ಕೆಲಸಕ್ಕೆಂದು ಮುಂಚೆಯೇ ತಿಳಿಸಿ ಒಪ್ಪಿಗೆ ಬರೆಸಿಕೊಳ್ಳಬೇಕು. ಸಹಿ ಹಾಕುತ್ತಿರುವ ಫೋಟೋ ಇದ್ದರೆ ಅಸಲಿತನಕ್ಕೆ ಅದೇ ಪುರಾವೆ. ಕೊಟ್ಟ ಪ್ರತಿ ರೂಪಾಯಿಗೂ ರಶೀದಿ ಬೇಕು. ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿಯ ಮಾನ್ಯತೆ ಇದ್ದರೂ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಸಿಗುವುದಿಲ್ಲ; ದೊಡ್ಡ ಮೊತ್ತ ಬ್ಯಾಂಕಿನ ಮೂಲಕವೇ ಬರಲಿ. ರೆಡ್ ಕ್ರಾಸ್ ಕೌದಿಗಳಂತೆ ಊರ ಸಾಮಾನ್ಯರೂ ಸಣ್ಣ ವಂತಿಗೆ ಕೊಟ್ಟು ಅಂಚಿನಲ್ಲಿ ಹೆಸರು ಬರೆಸಲು ಅವಕಾಶ ಇರಲಿ. ಹಣ ಹೇಗೆ ಖರ್ಚಾಗಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಹೊಲಿದವರ ಪ್ರತಿನಿಧಿಗಳು ಕಡ್ಡಾಯವಾಗಿ ಕೂರಲಿ.

ಮೂರನೆಯದು ಹೆಸರು. ಯಾವ ನಟ, ಯಾವ ಆಟಗಾರ, ಯಾವ ಕವಿ ಸಹಿ ಹಾಕಿದರೂ, ಅದೇ ಅಳತೆಯ ಚೌಕದಲ್ಲಿ, ಅದೇ ಗಟ್ಟಿ ದಾರದಲ್ಲಿ, ಹೊಲಿದವಳ ಹೆಸರು ಮತ್ತು ಅವಳ ಊರಿನ ಹೆಸರು ಇರಲೇಬೇಕು. ಓದು ಬರಹ ಬಾರದವಳಾದರೆ ಅವಳು ಆರಿಸಿಕೊಂಡ ಒಂದು ಹೊಲಿಗೆಯ ಗುರುತು ಅವಳ ಸಹಿಯಾಗಲಿ, ಪಕ್ಕದಲ್ಲಿ ಹೆಸರು ಬರೆಯಲಿ. ಇದು ಉಪಕಾರದ ಮಾತಲ್ಲ. ಕೊಳ್ಳುವವನಿಗೆ ಅಸಲಿ ಬಟ್ಟೆಯೆಂಬ ಭರವಸೆ, ಮುಂದಿನ ಪೀಳಿಗೆಗೆ ಚರಿತ್ರೆ, ಹೊಲಿದವಳಿಗೆ ಮುಂದಿನ ಕೆಲಸ: ಮೂರೂ ಸಿಗುವುದು ಆ ಒಂದು ಹೆಸರಿನಿಂದ.

ಹೆಸರಾಂತರ ಸಹಿ ಒಂದು ಬಟ್ಟೆಗೆ ಒಂದು ಸಲ ಬೆಲೆ ತರುತ್ತದೆ. ಹೊಲಿದವಳ ಹೆಸರು ನಾಲ್ಕು ಜನಕ್ಕೆ ಗೊತ್ತಾದರೆ ಅವಳ ಮುಂದಿನ ಪ್ರತಿ ಬಟ್ಟೆಗೂ ಬೆಲೆ ಬರುತ್ತದೆ. ಧರ್ಮಕಾರ್ಯದ ಫಲ ಹರಾಜಿನ ಸಂಜೆಗೆ ಮುಗಿಯದೆ ಅವಳ ಮನೆಯವರೆಗೂ ಮುಟ್ಟುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸಂಘಗಳು ಮೊದಲ ಸಹಿ ಕೌದಿಯನ್ನು ಕೈಗೆತ್ತಿಕೊಳ್ಳುವಾಗ ಹೊಲಿದವಳ ಹೆಸರಿನ ಈ ನಿಯಮವನ್ನು ಠರಾವಿನ ಪುಸ್ತಕದಲ್ಲಿ ಬರೆದುಕೊಂಡೇ ಕೆಲಸ ಶುರು ಮಾಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.